ಎರಡು ಇಂಚು ನೀರು

ಎಲ್ಲರಿಗೂ ನಮಸ್ಕಾರ. ನಿಮ್ಮ ಕುರ್ಚಿಗಳ ಮೇಲೆ ಒಂದೊಂದು ಟಿಶ್ಯೂ ಪೇಪರಿನ ಪಟ್ಟಿ ಇಟ್ಟಿದ್ದೇನೆ, ನೋಡಿ. ಒಂದು ಬೆರಳಗಲ, ಒಂದು ಗೇಣುದ್ದ. ಬಿಸಾಡಬೇಡಿ. ಅದರಿಂದ ಕೆಲಸ ಇದೆ.

ನಾನು ಡಾಕ್ಟರ್ ಅಲ್ಲ. ಕಟ್ಟಡದೊಳಗೆ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಹುಡುಕುವುದು ನನ್ನ ಕೆಲಸ. ಈ ಕೆಲಸದಲ್ಲಿ ದಿನಾ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇಲ್ಲಿಂದ ಹೊರಗೆ ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಎಲ್ಲಿಂದ ಬಂತು? ಗಾಳಿ ತಾನಾಗಿ ಹುಟ್ಟುವುದಿಲ್ಲ, ಅಲ್ವಾ? ಒಂದು ಲೋಟ ಹೊರಗೆ ಹೋದರೆ ಒಂದು ಲೋಟ ಒಳಗೆ ಬರಲೇಬೇಕು. ಅದು ನಿಮ್ಮನ್ನು ಕೇಳಿ ಬರುವುದಿಲ್ಲ. ಯಾವ ದಾರಿ ಸುಲಭವೋ ಅದರಲ್ಲೇ ನುಗ್ಗುತ್ತದೆ. ಬಹುಮಹಡಿ ಕಟ್ಟಡದಲ್ಲಿ ಒಂದು ಮನೆಯ ರೋಗ ಗಾಳಿಯ ಮೂಲಕ ಇನ್ನೊಂದು ಮನೆಗೆ ಹೇಗೆ ಹೋಗಬಹುದು ಅಂತ ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ನೀವು ಕೈ ಎತ್ತಬೇಕು. ಬೇರೆ ಮನೆಯವರು ಸಿಗರೇಟು ಸೇದಿದರೆ ನಿಮ್ಮ ಬಚ್ಚಲುಮನೆಯಲ್ಲಿ ವಾಸನೆ ಬರುತ್ತದೆ ಅನ್ನುವವರು ಎಷ್ಟು ಜನ? ನೋಡಿ, ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆ ಬಂದಿವೆ. ಆ ಮನೆಯವರಿಗೂ ನಿಮಗೂ ನಡುವೆ ಕಾಂಕ್ರೀಟ್ ಇದೆ, ಗೋಡೆ ಇದೆ, ಬಾಗಿಲು ಹಾಕಿದೆ. ಆದರೂ ವಾಸನೆ ಬಂತು. ವಾಸನೆ ಬಂತು ಅಂದ ಕೂಡಲೇ ವೈರಸ್ಸೂ ಬಂತು ಅಂತ ಅರ್ಥ ಅಲ್ಲ, ಗಾಬರಿಯಾಗಬೇಡಿ. ಒಂದು ದಾರಿ ಇದೆ ಅಂತ ಮಾತ್ರ ಅರ್ಥ. ಆ ದಾರಿಯಲ್ಲಿ ಎಷ್ಟು ಗಾಳಿ ಬರುತ್ತದೆ, ಬರುವಷ್ಟರಲ್ಲಿ ಎಷ್ಟು ತೆಳುವಾಗಿರುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ವೈರಸ್ ಒಂಟಿಯಾಗಿ ಹಾರಾಡುವುದಿಲ್ಲ. ನಾವು ಉಸಿರಾಡಿದಾಗ, ಮಾತಾಡಿದಾಗ, ಕೆಮ್ಮಿದಾಗ ಸಣ್ಣ ಹನಿಗಳು ಹೊರಗೆ ಬರುತ್ತವೆ. ವೈರಸ್ ಆ ಹನಿಗಳ ಸವಾರಿ ಮಾಡುತ್ತದೆ. ಎಲ್ಲಾ ಹನಿಯೂ ಒಂದೇ ಗಾತ್ರದ್ದಲ್ಲ. ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂತ ಇಟ್ಟುಕೊಳ್ಳಿ. 100 ಮೈಕ್ರಾನಿನ ಹನಿ ನಿಮ್ಮ ಬಾಯಿಂದ ಹೊರಟರೆ ಆರೇಳು ಸೆಕೆಂಡಿನಲ್ಲಿ ನೆಲಕ್ಕೆ ಬೀಳುತ್ತದೆ. 5 ಮೈಕ್ರಾನಿನದು ಅಲುಗಾಡದ ಗಾಳಿಯಲ್ಲಿ ಬೀಳಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. 1 ಮೈಕ್ರಾನಿನದಕ್ಕೆ ಹತ್ತು ಹನ್ನೆರಡು ಗಂಟೆ ಬೇಕು. ಯಾವ ಮನೆಯಲ್ಲೂ ಗಾಳಿ ಅಷ್ಟು ಹೊತ್ತು ಅಲುಗಾಡದೆ ಇರುವುದಿಲ್ಲ. ಅಂದರೆ ಆ ಹನಿ ಬೀಳುವುದೇ ಇಲ್ಲ ಅನ್ನಿ. ಗಾಳಿ ಹೋದ ಕಡೆ ಅದೂ ಹೋಗುತ್ತದೆ. ದಡಾರ, ಅದೇ ಮೀಸಲ್ಸ್, ಇದರಲ್ಲಿ ಎಲ್ಲಕ್ಕಿಂತ ಮುಂದು. ರೋಗಿ ಕೋಣೆಯಿಂದ ಎದ್ದು ಹೋದ ಎರಡು ಗಂಟೆಯ ತನಕ ಅಲ್ಲಿನ ಗಾಳಿಯಿಂದ ಬೇರೆಯವರಿಗೆ ಹತ್ತಬಹುದು.

ಇದು ಹೊಸ ತಿಳಿವಳಿಕೆ ಅಲ್ಲ. ಹನಿ ಒಣಗಿ ಚಿಕ್ಕದಾಗಿ ಗಾಳಿಯಲ್ಲಿ ತೇಲುತ್ತದೆ ಅಂತ ಅಮೆರಿಕದ ವಿಜ್ಞಾನಿ ವಿಲಿಯಂ ವೆಲ್ಸ್ 1934ರಲ್ಲೇ ಬರೆದಿದ್ದರು. ಹಾಗಿದ್ದೂ 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಅಂತ ಟ್ವೀಟ್ ಮಾಡಿತು. ಜುಲೈನಲ್ಲಿ, ಗಾಳಿಯಿಂದ ಹರಡುವುದನ್ನು ಗಂಭೀರವಾಗಿ ತೆಗೆದುಕೊಳ್ಳಿ ಅಂತ ವಿಜ್ಞಾನಿಗಳಾದ ಲಿಡಿಯಾ ಮೊರಾವ್‌ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಪತ್ರಕ್ಕೆ 239 ವಿಜ್ಞಾನಿಗಳು ದನಿಗೂಡಿಸಿದರು. ಅಲ್ಲಿಂದ ಮುಂದೆ ನಿಲುವು ಬದಲಾಗಲು ಬಹಳ ಕಾಲ ಹಿಡಿಯಿತು. ಈ ತಡ ನನ್ನನ್ನು ಈಗಲೂ ಕಾಡುತ್ತದೆ. ಆ ದಿನಗಳಲ್ಲಿ ಜನ ಲಿಫ್ಟಿನ ಗುಂಡಿ ಒರೆಸಿದರು, ಮೆಟ್ಟಿಲಿಗೆಲ್ಲ ಔಷಧಿ ಸಿಂಪಡಿಸಿದರು, ತರಕಾರಿ ತೊಳೆದರು. ಕಿಟಕಿ ಮಾತ್ರ ಮುಚ್ಚಿಕೊಂಡೇ ಕೂತರು. ಅವರ ತಪ್ಪಲ್ಲ ಅದು. ಹಾಗೆ ಮಾಡಿ ಅಂತಲೇ ಅವರಿಗೆ ಹೇಳಲಾಗಿತ್ತು.

ಈಗ ಒಂದು ಕಟ್ಟಡದ ಕಥೆ. ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್, 2003. ಸಾರ್ಸ್ ಕಾಲ. ಸಾರ್ಸ್ ಅಂದರೆ ಕೋವಿಡ್ ವೈರಸ್ಸಿನ ಹತ್ತಿರದ ನೆಂಟನಿಂದ ಬರುವ ಶ್ವಾಸಕೋಶದ ಕಾಯಿಲೆ. 33 ಮಹಡಿಯ ಕಟ್ಟಡಗಳು, ಒಂದೊಂದು ಮಹಡಿಯಲ್ಲಿ 8 ಮನೆ. ಇ ಬ್ಲಾಕಿನಲ್ಲಿ ಒಬ್ಬರ ಮನೆಗೆ ಅವರ ಸಹೋದರ ಮಾರ್ಚ್ 14ಕ್ಕೆ ಒಮ್ಮೆ, 19ಕ್ಕೆ ಒಮ್ಮೆ ಬಂದರು. ಅವರಿಗೆ ಸಾರ್ಸ್ ಇತ್ತು. ಬಂದಾಗ ಭೇದಿ ಆಗುತ್ತಿತ್ತು, ಕಕ್ಕಸು ಬಳಸಿದರು. ಅಷ್ಟೇ ಆದದ್ದು. ಏಪ್ರಿಲ್ ನಡುವಿನ ಹೊತ್ತಿಗೆ ಆ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನಕ್ಕೆ ಸಾರ್ಸ್ ಹತ್ತಿತ್ತು. 42 ಜನ ತೀರಿಕೊಂಡರು.

ಅವರೆಲ್ಲ ಆ ಮನೆಗೆ ಹೋದವರಲ್ಲ. ಬಹಳ ಮಂದಿ ಆ ಮನುಷ್ಯನನ್ನು ನೋಡೇ ಇರಲಿಲ್ಲ. ಹಾಗಾದರೆ ರೋಗ ಬಂದದ್ದು ಹೇಗೆ? ತನಿಖೆ ಮಾಡಿದವರು ಬಚ್ಚಲುಮನೆಗಳ ನೆಲ ನೋಡಿದರು.

ನಿಮ್ಮ ಬಚ್ಚಲಿನ ನೆಲದಲ್ಲಿ ನೀರು ಹೋಗಲು ಒಂದು ಜಾಲರಿ ಇದೆ. ಅದರ ಕೆಳಗೆ ಪೈಪು ಸೊಟ್ಟಗೆ ಬಾಗಿದೆ. ಟ್ರ್ಯಾಪ್ ಅಂತ ಪ್ಲಂಬರ್‌ಗಳು ಕರೆಯುವುದು ಅದನ್ನೇ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಸಾಮಾನ್ಯವಾಗಿ 50 ಮಿಲಿಮೀಟರ್, ಅಂದರೆ ಎರಡು ಇಂಚು. ಇಡೀ ಕಟ್ಟಡದ ಕೊಳಚೆ ಪೈಪಿನ ಗಾಳಿಗೂ ನಿಮ್ಮ ಮನೆಯ ಗಾಳಿಗೂ ನಡುವೆ ಇರುವ ಬಾಗಿಲು ಈ ಎರಡು ಇಂಚು ನೀರು ಮಾತ್ರ. ಬೇರೆ ಮುಚ್ಚಳ ಇಲ್ಲ, ಕವಾಟ ಇಲ್ಲ. ಅಲೆಕ್ಸಾಂಡರ್ ಕಮಿಂಗ್ ಅನ್ನುವವರು 1775ರಲ್ಲಿ ಕಕ್ಕಸಿನ ಪೈಪನ್ನು ಹೀಗೆ ಬಾಗಿಸಿ ಪೇಟೆಂಟ್ ತೆಗೆದುಕೊಂಡರು. ಸುಮಾರು ಎರಡೂವರೆ ಶತಮಾನವಾಯಿತು. ಇವತ್ತಿಗೂ ಅದಕ್ಕಿಂತ ಸರಳ ಉಪಾಯ ಸಿಕ್ಕಿಲ್ಲ. ನನಗಂತೂ ಅದರ ಮೇಲೆ ದೊಡ್ಡ ಗೌರವ.

ಆದರೆ ನೀರು ಆವಿಯಾಗುತ್ತದೆ. ಅಮೋಯ್ ಗಾರ್ಡನ್ಸ್‌ನಲ್ಲಿ ಜನ ಬಚ್ಚಲಿನ ನೆಲಕ್ಕೆ ನೀರು ಸುರಿದು ತೊಳೆಯುತ್ತಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಜಾಲರಿಗೆ ನೀರೇ ಹೋಗುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಟ್ರ್ಯಾಪ್ ಒಣಗಿ ಹೋಗಿತ್ತು. ಇನ್ನು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್. ಚಿಕ್ಕ ಬಚ್ಚಲಿಗೆ ಸ್ವಲ್ಪ ದೊಡ್ಡದೇ ಅನ್ನಿಸುವ ಫ್ಯಾನುಗಳು. ಬಾಗಿಲು ಹಾಕಿ ಫ್ಯಾನ್ ಹಾಕಿದರೆ ಅದು ಗಾಳಿಯನ್ನು ಹೊರಗೆ ತಳ್ಳುತ್ತದೆ. ಈಗ ನನ್ನ ಪ್ರಶ್ನೆ ಕೇಳಿ. ಬದಲಿ ಗಾಳಿ ಎಲ್ಲಿಂದ ಬಂತು? ಒಣಗಿದ ಜಾಲರಿಯಿಂದ. ಕೊಳಚೆ ಪೈಪಿನೊಳಗಿನ ಸಣ್ಣ ಹನಿಗಳನ್ನು ಹೊತ್ತುಕೊಂಡೇ ಬಂತು. ಫ್ಯಾನ್ ಅದನ್ನು ಎಳೆದು ಕಟ್ಟಡದ ಕಿರಿದಾದ ಸಂದಿಗೆ ಬಿಟ್ಟಿತು. ಬೆಚ್ಚಗಿನ, ತೇವದ ಗಾಳಿ ಅದು. ಮೇಲಕ್ಕೆ ಏರಿತು. ಮೇಲಿನ ಮನೆಗಳ ಕಿಟಕಿ ತೆರೆದಿದ್ದವು.

ಮುಂದಿನ ವರ್ಷ ಬಂದ ಒಂದು ಅಧ್ಯಯನ ಯಾರಿಗೆ, ಯಾವ ಮಹಡಿಯಲ್ಲಿ, ಯಾವ ಬ್ಲಾಕಿನಲ್ಲಿ ರೋಗ ಬಂತು ಅಂತ ನಕ್ಷೆ ಹಾಕಿ ಗಾಳಿಯ ಲೆಕ್ಕದ ಜೊತೆ ಇಟ್ಟು ನೋಡಿತು. ಇ ಬ್ಲಾಕಿನ ಮೇಲಿನ ಮನೆಗಳಿಗೆ ಕೆಳಗಿನವಕ್ಕಿಂತ ಅಪಾಯ ಜಾಸ್ತಿ ಇತ್ತು. ಆ ಸಂದಿಯಿಂದ ಹೊರಬಿದ್ದ ಗಾಳಿ ಬೇರೆ ಬ್ಲಾಕುಗಳನ್ನೂ ಮುಟ್ಟಿತ್ತು.

ಒಂದು ಸಲ ಆದದ್ದು ಆಕಸ್ಮಿಕ ಅನ್ನಬಹುದು. 2020ರ ಆರಂಭದಲ್ಲಿ ಚೀನಾದ ಗುವಾಂಗ್‌ಜೌ ನಗರದಲ್ಲಿ ಒಂದು ಎತ್ತರದ ಕಟ್ಟಡದ 15ನೇ ಮಹಡಿಗೆ ವುಹಾನ್‌ಗೆ ಹೋಗಿದ್ದ ಕುಟುಂಬ ವಾಪಸ್ ಬಂತು. ಐದು ಜನಕ್ಕೂ ಕೋವಿಡ್. ಆಮೇಲೆ ಅದೇ ಸಾಲಿನ 25ನೇ ಮಹಡಿಯಲ್ಲಿ ಇಬ್ಬರಿಗೆ, 27ನೇ ಮಹಡಿಯಲ್ಲಿ ಇಬ್ಬರಿಗೆ ಬಂತು. ಮೂರೂ ಮನೆ ಒಂದರ ಮೇಲೊಂದು. ಮೂರಕ್ಕೂ ಬಚ್ಚಲಿನ ಪೈಪು ಒಂದೇ. ತನಿಖೆಯವರು 15ನೇ ಮಹಡಿಯ ಪೈಪಿನೊಳಗೆ ಈಥೇನ್ ಅನಿಲ ಬಿಟ್ಟು ಮೇಲೆ ಹೋಗಿ ಅಳೆದರು. 25ರಲ್ಲೂ 27ರಲ್ಲೂ ಬಚ್ಚಲಿನಲ್ಲಿ ಅದು ಸಿಕ್ಕಿತು. ಇನ್ನೊಂದು ಸಂಗತಿ ಕೇಳಿ. 15ರ ನೇರ ಮೇಲಿನ 16ನೇ ಮಹಡಿಯ ಮನೆ ಬಹಳ ದಿನದಿಂದ ಖಾಲಿ ಇತ್ತು. ಅಲ್ಲಿನ ಬಚ್ಚಲಿನ ಸಿಂಕು, ನಲ್ಲಿಗಳ ಮೇಲೆ ವೈರಸ್ಸಿನ ಗುರುತು ಸಿಕ್ಕಿತು. ಯಾರೂ ಇಲ್ಲದ ಮನೆ. ಯಾರೂ ಬಳಸದ ಬಚ್ಚಲು ಅಂದರೆ ಮೊದಲು ಒಣಗುವ ಟ್ರ್ಯಾಪ್.

ಇದನ್ನು ಓದಿದ ವಾರ ನಾನು ನಮ್ಮ ಮನೆಯ ಇನ್ನೊಂದು ಬಚ್ಚಲಿಗೆ ಹೋದೆ. ಅತಿಥಿಗಳು ಬಂದಾಗ ಮಾತ್ರ ಬಳಸುವುದು. ತಿಂಗಳುಗಟ್ಟಲೆ ಯಾರೂ ಬಂದಿರಲಿಲ್ಲ. ಬಾಗಿಲು ಹಾಕಿ, ಫ್ಯಾನ್ ಹಾಕಿ, ನಿಮ್ಮ ಕೈಲಿರುವಂಥದ್ದೇ ಒಂದು ಪಟ್ಟಿಯನ್ನು ಜಾಲರಿಯ ಮೇಲೆ ಹಿಡಿದೆ. ಪಟ್ಟಿ ಜೋತು ಬೀಳಬೇಕಿತ್ತು. ಬೀಳಲಿಲ್ಲ. ಕೆಳತುದಿ ಮೆಲ್ಲಗೆ ಎದ್ದು, ನಡುಗುತ್ತಾ, ನನ್ನ ಕೈಯ ಕಡೆಗೆ ಮಡಚಿಕೊಂಡಿತು. ಕೆಳಗಿಂದ ಯಾರೋ ಊದುತ್ತಿದ್ದ ಹಾಗೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ ನಾನು, ನನ್ನದೇ ಮನೆಯ ಜಾಲರಿಯ ಮುಂದೆ ಮಂಡಿಯೂರಿ ಕೂತು ಅದನ್ನೇ ನೋಡುತ್ತಿದ್ದೆ. ಆಮೇಲೆ ಎರಡು ಮಗ್ ನೀರು ಹಾಕಿದೆ. ಗುಳುಗುಳು ಅಂತ ಸದ್ದಾಯಿತು. ಮತ್ತೆ ಪಟ್ಟಿ ಹಿಡಿದೆ. ನೇರವಾಗಿ ಜೋತು ಬಿತ್ತು. ಅಷ್ಟೇ ರಿಪೇರಿ.

ಇನ್ನು ಮೆಟ್ಟಿಲ ಹಾದಿ. ಬಿಸಿ ಗಾಳಿ ಹಗುರ, ಮೇಲೆ ಹೋಗುತ್ತದೆ. ಹೊರಗೆ ಚಳಿ, ಒಳಗೆ ಬೆಚ್ಚಗೆ ಇದ್ದಾಗ ಎತ್ತರದ ಕಟ್ಟಡ ಒಂದು ಹೊಗೆಕೊಳವೆಯ ಹಾಗೆ ಆಗುತ್ತದೆ. ಕೆಳಗಿನ ಮಹಡಿಗಳಿಂದ ಗಾಳಿ ಒಳಗೆ ಬಂದು, ಮೆಟ್ಟಿಲು, ಲಿಫ್ಟಿನ ಶಾಫ್ಟ್, ಪೈಪು ಹೋಗುವ ಡಕ್ಟ್ ಹಿಡಿದು ಮೇಲೇರಿ, ಮೇಲಿನ ಮಹಡಿಗಳಿಂದ ಹೊರಗೆ ಹೋಗುತ್ತದೆ. ಹೊರಗೆ ಸೆಕೆ, ಒಳಗೆ ಏಸಿ ಇದ್ದರೆ ಇದೇ ಉಲ್ಟಾ, ಮೇಲಿಂದ ಕೆಳಕ್ಕೆ. ಕಟ್ಟಡ ಎತ್ತರ ಆದಷ್ಟೂ ಈ ಎಳೆತ ಜಾಸ್ತಿ.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು ಜರ್ಮನಿಯ ಮೆಶೆಡೆ ಊರಿನ ಒಂದು ಆಸ್ಪತ್ರೆ. 1970ರ ಜನವರಿ. ಸಿಡುಬು ಬಂದ ಒಬ್ಬ ಯುವಕನನ್ನು ಕೆಳ ಮಹಡಿಯಲ್ಲಿ ಬೇರೆಯಾಗಿ ಇಟ್ಟಿದ್ದರು. ಅವರು ಕೋಣೆ ಬಿಟ್ಟು ಆಚೆ ಬರಲಿಲ್ಲ. ಆದರೂ ಮೇಲಿನ ಮಹಡಿಗಳಲ್ಲಿದ್ದ ರೋಗಿಗಳಿಗೆ ಸಿಡುಬು ಬಂತು. ಆಮೇಲೆ ಆ ಕೋಣೆಯಲ್ಲಿ ಹೊಗೆ ಎಬ್ಬಿಸಿ ನೋಡಿದರು. ಹೊಗೆ ಬಾಗಿಲಿನಿಂದ ಕಾರಿಡಾರಿಗೆ ಬಂದು ಮೆಟ್ಟಿಲು ಹತ್ತಿತು. ಅರ್ಧ ತೆರೆದ ಕಿಟಕಿಯಿಂದ ಹೊರಗೆ ಹೋಗಿ, ಗೋಡೆ ಸವರಿಕೊಂಡು ಮೇಲೇರಿ, ಮೇಲಿನ ಕಿಟಕಿಗಳಲ್ಲಿ ಒಳಗೆ ನುಗ್ಗಿತು. ರೋಗ ಬಂದವರ ಕೋಣೆಗಳು ಆ ಹಾದಿಯಲ್ಲೇ ಇದ್ದವು.

ಕಿಟಕಿಯಿಂದ ಕಿಟಕಿಗೆ ಎಷ್ಟು ಗಾಳಿ ಹೋಗಬಹುದು ಅಂತ ಆಮೇಲೆ ಹಾಂಗ್‌ಕಾಂಗ್‌ನಲ್ಲಿ ಅಳೆದಿದ್ದಾರೆ. ಒಂದೇ ಕಡೆ ಕಿಟಕಿ ಇರುವ ಮನೆಗಳಲ್ಲಿ, ಗಾಳಿ ಬೀಸದ ದಿನ, ಕೆಳಗಿನ ಮನೆ ಹೊರಗೆ ಬಿಟ್ಟ ಗಾಳಿಯಲ್ಲಿ ನೂರಕ್ಕೆ 7ರ ತನಕ ನೇರ ಮೇಲಿನ ಮನೆಗೆ ಹೋಗಬಹುದು. ಹಾಗಂತ ಕಿಟಕಿ ಮುಚ್ಚಬೇಡಿ. ನೂರರಲ್ಲಿ 93 ಬಯಲಿಗೆ ಹೋಯಿತಲ್ಲ, ಅದನ್ನೂ ನೋಡಿ.

ಕಾರಿಡಾರಿನ ವಿಷಯ. 2021ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಒಂದು ಕ್ವಾರಂಟೈನ್ ಹೋಟೆಲಿನಲ್ಲಿ ಎದುರುಬದುರು ಕೋಣೆಗಳ ನಡುವೆ ಕೋವಿಡ್ ಹರಡಿತು. ಸಿಸಿಟಿವಿ ನೋಡಿದರೆ ಅವರು ಭೇಟಿಯಾಗೇ ಇಲ್ಲ. ಕೆಲವು ಸಲ ಎರಡೂ ಬಾಗಿಲು ಒಟ್ಟಿಗೆ ತೆರೆದಿದ್ದವು, ಅದೂ ಮೂರರಿಂದ ಐದು ಸೆಕೆಂಡು. ಗಾಳಿ ಬರದ, ಕಿಟಕಿ ಇಲ್ಲದ ಕಾರಿಡಾರ್ ಅಂದರೆ ಎಲ್ಲಾ ಮನೆಗಳೂ ಹಂಚಿಕೊಂಡ ಒಂದು ಕೋಣೆ ಅಂತಲೇ ತಿಳಿಯಿರಿ. ಲಿಫ್ಟೂ ಅಷ್ಟೇ, ಆದರೆ ಅಲ್ಲಿ ನಾವು ಇರುವುದು ಒಂದೆರಡು ನಿಮಿಷ. ಮಾಸ್ಕ್ ಹಾಕಿ, ಮಾತಾಡದೆ ಹೋಗಿ, ಸಾಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ನೇರವಾಗಿ ಹೇಳಬೇಕು. ಪೈಪು, ಡಕ್ಟ್, ಮೆಟ್ಟಿಲು, ಇವೆಲ್ಲ ನಿಜ. ಆದರೆ ಜಾಸ್ತಿ ಜನಕ್ಕೆ ರೋಗ ಬರುವುದು ಒಂದೇ ಕೋಣೆಯ ಗಾಳಿಯನ್ನು ಹೆಚ್ಚು ಹೊತ್ತು ಹಂಚಿಕೊಂಡವರಿಂದ. ಅಂದರೆ ಮನೆಯವರಿಂದಲೇ, ಸ್ನೇಹಿತರಿಂದಲೇ. ಮೇಲಿನ ಮನೆಯವರಿಗೆ ಜ್ವರ ಅಂತ ಕೇಳಿ ಜಾಲರಿಗೆ ಟೇಪ್ ಹಚ್ಚಿ, ನಮ್ಮದೇ ಹಾಲಿನಲ್ಲಿ ಕಿಟಕಿ ಮುಚ್ಚಿ ಹತ್ತು ಜನ ಸೇರಿದರೆ ಏನೂ ಪ್ರಯೋಜನ ಇಲ್ಲ.

ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಬಂದರೆ ಏನು ಮಾಡಬೇಕು ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಅವರಿಗೆ ಕೊಡುವ ಕೋಣೆಗೆ ಹೊರಗಿನ ಕಿಟಕಿ ಇರಲಿ. ಕಿರಿದಾದ ಡಕ್ಟಿಗೆ ತೆರೆಯುವ ಕಿಟಕಿ ಬೇಡ, ಅದು ಮೇಲಿನವರಿಗೆ ಕಳಿಸಿದ ಹಾಗೆ. ಕಿಟಕಿಯಲ್ಲಿ ಒಂದು ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಿ. ಈಗ ಕೋಣೆಯ ಗಾಳಿ ಹೊರಗೆ ಹೋಗುತ್ತದೆ, ಬದಲಿ ಗಾಳಿ ಬಾಗಿಲ ಸಂದಿಯಿಂದ, ಮನೆಯ ಕಡೆಯಿಂದ ಒಳಗೆ ಬರುತ್ತದೆ. ನಮಗೆ ಬೇಕಾದದ್ದೂ ಅದೇ. ಆರೋಗ್ಯವಾಗಿರುವವರಿಂದ ರೋಗಿಯ ಕಡೆಗೆ, ಅಲ್ಲಿಂದ ಬಯಲಿಗೆ. ನಂಬಿಕೆ ಬರಬೇಕಾದರೆ ಪಟ್ಟಿಯನ್ನು ಬಾಗಿಲ ಸಂದಿಯ ಬಳಿ ಹಿಡಿಯಿರಿ. ಕೋಣೆಯ ಒಳಮುಖವಾಗಿ ವಾಲಿದರೆ ಸರಿಯಾಗಿದೆ. ನಿಮ್ಮ ಕಡೆ ವಾಲಿದರೆ ಗಾಳಿ ಕಿಟಕಿಯಿಂದ ನುಗ್ಗಿ ಮನೆಯೊಳಗೆ ಬರುತ್ತಿದೆ. ಆಗ ಬಾಗಿಲ ಕೆಳಗೆ ಒಂದು ಟವೆಲ್ ಸುತ್ತಿ ಇಡಿ, ಮನೆಯ ಬೇರೆ ಕಿಟಕಿಗಳನ್ನೂ ತೆರೆಯಿರಿ, ಮತ್ತೆ ಪರೀಕ್ಷೆ ಮಾಡಿ.

ಕಿಟಕಿ ತೆರೆಯಲು ಆಗದ ಕಡೆ ಹೆಪಾ, ಅಂದರೆ ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರಿನ ಯಂತ್ರ ಒಳ್ಳೆಯ ಕೆಲಸ ಮಾಡುತ್ತದೆ. ಯಂತ್ರದ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಅಂತ ಬರೆದಿರುತ್ತದೆ. ಅದನ್ನು ಕೋಣೆಯ ಅಳತೆಯಿಂದ ಭಾಗಿಸಿ. 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆ ಅಂದರೆ 36 ಘನ ಮೀಟರ್. ಯಂತ್ರ ಗಂಟೆಗೆ 216 ಕೊಟ್ಟರೆ ಗಾಳಿ ಗಂಟೆಗೆ 6 ಸಲ ಶುದ್ಧವಾದ ಹಾಗೆ. ಆಗ ಗಾಳಿಯಲ್ಲಿರುವುದರಲ್ಲಿ ನೂರಕ್ಕೆ 99 ಹೋಗಲು ಸುಮಾರು 46 ನಿಮಿಷ ಸಾಕು. ಗಂಟೆಗೆ 2 ಸಲ ಮಾತ್ರ ಆದರೆ ಅಷ್ಟೇ ಕೆಲಸಕ್ಕೆ 138 ನಿಮಿಷ ಬೇಕು. ದುಡ್ಡು ಜಾಸ್ತಿ ಅನ್ನಿಸಿದರೆ ನಾಲ್ಕು ಒಳ್ಳೆಯ ಫಿಲ್ಟರ್ ಹಾಳೆಗಳನ್ನು ಡಬ್ಬದ ಹಾಗೆ ನಿಲ್ಲಿಸಿ, ಮೇಲೊಂದು ಚೌಕದ ಫ್ಯಾನ್ ಇಟ್ಟು ಟೇಪ್ ಸುತ್ತಿ. 2020ರಲ್ಲಿ ಅಮೆರಿಕದ ಎಂಜಿನಿಯರಿಂಗ್ ಪ್ರೊಫೆಸರ್ ರಿಚರ್ಡ್ ಕೋರ್ಸಿ ಹೇಳಿ, ಫಿಲ್ಟರ್ ಕಂಪನಿಯ ಜಿಮ್ ರೋಸೆಂತಾಲ್ ಕಟ್ಟಿದ್ದು ಇದನ್ನೇ. ನೋಡಲು ಚೆನ್ನಾಗಿಲ್ಲ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ.

ಗಾಳಿ ಸಾಕಾ ಅಂತ ತಿಳಿಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಇದೆ. ಹೊರಗೆ 420 ಪಿಪಿಎಂ ಆಸುಪಾಸು ತೋರಿಸುತ್ತದೆ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ. ಕೋಣೆಯಲ್ಲಿ 1200 ಆಯಿತು ಅಂದರೆ ನೀವು ಎಳೆದುಕೊಳ್ಳುವ 50 ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಆಗಲೇ ಯಾರದ್ದೋ ಎದೆಯೊಳಗೆ ಹೋಗಿ ಬಂದದ್ದು.

ಸಂಘದ ಪದಾಧಿಕಾರಿಗಳು ಮುಂದಿನ ಸಾಲಲ್ಲೇ ಇದ್ದೀರಿ. ನಿಮ್ಮಿಂದ ನನಗೆ ಮೂರೇ ಕೆಲಸ ಬೇಕು. ಖಾಲಿ ಮನೆಗಳ ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ತಿಂಗಳಿಗೆರಡು ಸಲ ಹೋಗಿ ಎಲ್ಲಾ ಜಾಲರಿಗೂ ನೀರು ಹಾಕಿ ಬರಲಿ. ಕೊಳಚೆ ಪೈಪಿಗೆ ಗಾಳಿ ಆಡಲು ಟೆರೇಸಿನ ಮೇಲೆ ಬಂದಿರುವ ವೆಂಟ್ ಪೈಪುಗಳ ಬಾಯಿ ಮುಚ್ಚಿಲ್ಲ ಅಂತ ನೋಡಿ. ಅದು ಕಟ್ಟಿಕೊಂಡರೆ ಮೇಲೆ ಯಾರೋ ಫ್ಲಶ್ ಮಾಡಿದಾಗ ಕೆಳಗಿನ ಟ್ರ್ಯಾಪುಗಳ ನೀರನ್ನೇ ಪೈಪು ಎಳೆದುಕೊಳ್ಳುತ್ತದೆ. ಮೂರನೆಯದು, ಬಚ್ಚಲು ಒಡೆದು ಹೊಸದು ಮಾಡಿಸುವವರ ಮೇಲೆ ಒಂದು ಕಣ್ಣಿಡಿ. 2020ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ನ ಹಾಂಗ್ ಮೇ ಹೌಸ್‌ನಿಂದ ನೂರಕ್ಕೂ ಹೆಚ್ಚು ಜನರನ್ನು ರಾತ್ರೋರಾತ್ರಿ ಬೇರೆ ಕಡೆ ಕಳಿಸಬೇಕಾಯಿತು. ಮೇಲೆ ಕೆಳಗೆ ಇರುವ ಎರಡು ಮನೆಗಳಲ್ಲಿ ಕೋವಿಡ್ ಬಂದಿತ್ತು. ಅದರಲ್ಲೊಂದರ ಬಚ್ಚಲಿನಲ್ಲಿ ವೆಂಟ್ ಪೈಪು ಸರಿಯಾಗಿ ಮುಚ್ಚದೆ ಹಾಗೇ ಬಿಟ್ಟಿದ್ದರು.

ಇನ್ನೊಂದು ಮಾತು. ಇದು ಪೈಪಿನದಲ್ಲ. ರೋಗ ಬಂದ ಮನೆಯವರನ್ನು ದೂರ ಮಾಡಬೇಡಿ. ಅಮೋಯ್ ಗಾರ್ಡನ್ಸ್‌ಗೆ ಬಂದ ಆ ಸಹೋದರ ಯಾರಿಗೂ ಕೇಡು ಮಾಡಲು ಬಂದಿರಲಿಲ್ಲ. ಒಣಗಿದ ಟ್ರ್ಯಾಪುಗಳು ಅವರು ಬರುವ ಎಷ್ಟೋ ಮುಂಚೆಯಿಂದ ಅಲ್ಲಿ ಇದ್ದವು. ಬೈಸಿಕೊಳ್ಳುವ ಭಯ ಇದ್ದರೆ ಜನ ಜ್ವರ ಬಂದದ್ದನ್ನೇ ಮುಚ್ಚಿಡುತ್ತಾರೆ. ಯಾವ ಸಾಲಿನ ಮನೆಯಲ್ಲಿ ರೋಗ ಇದೆ ಅಂತ ಗೊತ್ತಾದರೆ ತಾನೇ ಆ ಸಾಲಿನ ಡಕ್ಟ್ ನೋಡಲು ಆಗುವುದು?

ಈಗ ನಿಮ್ಮ ಪ್ರಶ್ನೆಗಳು.

ಫ್ಲಶ್ ಮಾಡುವಾಗ ಮುಚ್ಚಳ ಹಾಕಿದರೆ ಸಾಕಾ ಅಂತ ಒಬ್ಬರು ಕೇಳಿದ್ದೀರಿ. ಹಾಕಿ, ಒಳ್ಳೆಯದು. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು 2022ರಲ್ಲಿ ಹಸಿರು ಲೇಸರ್ ಬೆಳಕಿನಲ್ಲಿ ತೋರಿಸಿದ್ದಾರೆ. ಮುಚ್ಚಳ ಇಲ್ಲದ ಕಮೋಡಿನಿಂದ ಎದ್ದ ಸಣ್ಣ ಹನಿಗಳು 8 ಸೆಕೆಂಡಿನಲ್ಲಿ ಒಂದೂವರೆ ಮೀಟರ್ ಎತ್ತರಕ್ಕೆ ಹೋಗುತ್ತವೆ. ಆದರೆ ಮುಚ್ಚಳದ ಸುತ್ತ ಸಂದಿ ಇರುತ್ತದೆ, ಎಲ್ಲವನ್ನೂ ತಡೆಯುವುದಿಲ್ಲ. ಮುಚ್ಚಳ ಹಾಕಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಓಡಲಿ. ಓಡುವಾಗ ಬಚ್ಚಲಿನ ಬಾಗಿಲ ಕೆಳಗೆ ಸಂದಿ ಇರಲಿ, ಮನೆಯ ಒಂದು ಕಿಟಕಿ ತೆರೆದಿರಲಿ. ಫ್ಯಾನಿಗೆ ಬದಲಿ ಗಾಳಿ ಕಿಟಕಿಯಿಂದಲೇ ಸಿಗಬೇಕು.

ಹಿಂದಿನ ಸಾಲಿನಲ್ಲಿ ಕೂತ ಅಮ್ಮ ಕೇಳಿದರು, ಆರು ತಿಂಗಳು ಮಗಳ ಮನೆಗೆ ಹೋಗುತ್ತೇನೆ, ನನ್ನ ಮನೆಯ ಜಾಲರಿಗೆ ಯಾರು ನೀರು ಹಾಕುತ್ತಾರೆ ಅಂತ. ಅಮ್ಮಾ, ಹೊರಡುವ ದಿನ ಎಲ್ಲಾ ಜಾಲರಿಗೂ ಒಂದೊಂದು ಮಗ್ ನೀರು ಹಾಕಿ. ಸಿಂಕು, ವಾಷಿಂಗ್ ಮಷೀನಿನ ಪಕ್ಕದ್ದು, ಬಾಲ್ಕನಿಯದ್ದು, ಯಾವುದನ್ನೂ ಬಿಡಬೇಡಿ. ಆಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆಯನ್ನು ಮೇಲಿಂದ ಮೆಲ್ಲಗೆ ಬಿಡಿ. ಎಣ್ಣೆ ನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ, ನೀರು ಬೇಗ ಆರಲು ಬಿಡುವುದಿಲ್ಲ. ಆದರೂ ಆರು ತಿಂಗಳು ಅಂದರೆ ಜಾಸ್ತಿಯಾಯಿತು. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗಿ. ಜೊತೆಗೆ ಆ ಕಾಗದದ ಪಟ್ಟಿಯನ್ನೂ ಕೊಡಿ.